ಎಡಗಡೆ ಕೀಳು, ಬಲಗಡೆ ಮೇಲು

ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಕಳೆದ ತಿಂಗಳು ಒಂದು ಸಂಜೆ ನೋಟ್ ಪುಸ್ತಕ ಹಿಡಿದು ಬಂದು ನನ್ನ ಕುರ್ಚಿಯ ಪಕ್ಕದಲ್ಲಿ ಕುಳಿತಳು. ಹಾಳೆಯ ನಡುವೆ ಸ್ಕೇಲು ಇಟ್ಟು ನೆಟ್ಟಗೆ ಒಂದು ಗೆರೆ ಎಳೆದಿದ್ದಳು. ಗೆರೆಯ ಎಡಗಡೆ ‘ಕೀಳು ಜೀವಿ’ ಎಂದೂ ಬಲಗಡೆ ‘ಮೇಲು ಜೀವಿ’ ಎಂದೂ ತಲೆಬರಹ. ತರಗತಿಯಲ್ಲಿ ಕೊಟ್ಟ ಪ್ರಶ್ನೆ ಇಷ್ಟು: ಒಂದು ಕೀಳು ಜೀವಿಯನ್ನೂ ಒಂದು ಮೇಲು ಜೀವಿಯನ್ನೂ ಆರಿಸಿಕೊಂಡು ಅವುಗಳ ನಡುವಣ ಐದು ವ್ಯತ್ಯಾಸಗಳನ್ನು ಬರೆಯಿರಿ. ಅಂಕ ಐದು.

“ತಾತ, ಎಡಗಡೆ ಬ್ಯಾಕ್ಟೀರಿಯಾ ಅಂತ ಬರೆದಿದೀನಿ. ಬಲಗಡೆಗೆ ಎಲ್ರೂ ಆನೆ, ಮನುಷ್ಯ ಅಂತಾನೇ ಬರೀತಾರೆ. ಬೇರೆ ಯಾವುದಾದ್ರೂ ಹೇಳು” ಎಂದಳು.

“ಸ್ಕ್ವಿಡ್ ಅಂತ ಬರಿ” ಎಂದೆ.

ಮಂಗಳೂರಿನ ಕಡೆ ಬೊಂಡಾಸ್ ಎನ್ನುತ್ತಾರಲ್ಲ, ಅದರ ನೆಂಟ. ಆದರೆ ನಾನು ಹೇಳಿದ್ದು ಹವಾಯಿ ದ್ವೀಪಗಳ ಸುತ್ತಲಿನ ಆಳವಿಲ್ಲದ ಕಡಲಲ್ಲಿ ವಾಸಿಸುವ ಮೋಟುಬಾಲದ ಒಂದು ಪುಟ್ಟ ಸ್ಕ್ವಿಡ್ಡಿನ ವಿಷಯ. ಯೂಪ್ರಿಮ್ನ ಸ್ಕೊಲೋಪೀಸ್ ಎಂದು ಅದಕ್ಕೆ 1913ರಲ್ಲಿ ನಾಮಕರಣವಾಯಿತು. ಎಡಗಡೆಯ ಅಂಕಣಕ್ಕೂ ಯಾವುದೋ ಒಂದು ಬ್ಯಾಕ್ಟೀರಿಯಾ ಸಾಲದೆಂದು, ಅದೇ ಕಡಲಲ್ಲಿರುವ ವಿಬ್ರಿಯೊ ಫಿಷರಿ ಎಂಬುದನ್ನು ಬರೆಸಿದೆ. ತಾತ, ಮೊಮ್ಮಗಳು ಇಬ್ಬರೂ ಉತ್ಸಾಹದಿಂದ ಕುಳಿತು ಉತ್ತರ ಬರೆದೆವು. ಮೊದಲೆರಡು ವ್ಯತ್ಯಾಸಗಳು ಸಲೀಸಾಗಿ ಇಳಿದವು. ಮೂರನೆಯದಕ್ಕೆ ಬರುವ ಹೊತ್ತಿಗೆ ನಡುವಿನ ಗೆರೆ ಅಡ್ಡವಾಯಿತು. ಹುಡುಗಿ ಸ್ವಲ್ಪ ಯೋಚಿಸಿ, ಗೆರೆಯ ಮೇಲೆಯೇ ಎರಡು ಅಂಕಣಗಳಿಗೂ ಹರಡುವಂತೆ ಬರೆದುಬಿಟ್ಟಳು. ವಾರದ ಮೇಲೆ ಪುಸ್ತಕ ತಿದ್ದಿ ಬಂತು. ಐದಕ್ಕೆ ಎರಡು ಅಂಕ; ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಷರಾ: ‘ಗೆರೆ ದಾಟಬಾರದು.’

ಆ ಉಪಾಧ್ಯಾಯಿನಿಯ ಮೇಲೆ ನನಗೆ ಸಿಟ್ಟಿಲ್ಲ. ರಾಶಿ ಪುಸ್ತಕಗಳನ್ನು ರಾತ್ರಿ ಕುಳಿತು ತಿದ್ದುವವರಿಗೆ ಗೆರೆ ದಾಟಿದವರ ಕಥೆ ಕೇಳಲು ಪುರುಸೊತ್ತೆಲ್ಲಿ? ನನ್ನ ಜಗಳ ಆ ಗೆರೆಯೊಡನೆ, ಅದರ ಎರಡು ಕಡೆ ಇರುವ ಆ ಎರಡು ಮಾತುಗಳೊಡನೆ. ಓದುಬರಹ ಬಲ್ಲ ನಮ್ಮಂಥವರೂ ಆ ಮಾತುಗಳನ್ನು ಯೋಚನೆಯಿಲ್ಲದೆ ಆಡುತ್ತ ಬಂದಿದ್ದೇವೆ. ಆದ್ದರಿಂದ ಅದೇ ಲೆಕ್ಕವನ್ನು ಇಲ್ಲಿ ವಾಚಕರ ಮುಂದೆ ಇನ್ನೊಮ್ಮೆ ಮಾಡಿ ತೋರಿಸಬೇಕೆಂದಿದ್ದೇನೆ. ಅಂಕ ಅವರೇ ಕೊಡಲಿ.

ಮೊದಲು ಗಾತ್ರ. ಬೆಳೆದ ಸ್ಕ್ವಿಡ್ಡಿನ ಮೈ ಸುಮಾರು ಮೂರು ಸೆಂಟಿಮೀಟರ್, ಹೆಬ್ಬೆಟ್ಟಿನ ಮೊದಲ ಗೆಣ್ಣಿನಷ್ಟು. ಬ್ಯಾಕ್ಟೀರಿಯಾ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ. ಸ್ಕ್ವಿಡ್ಡಿನ ಉದ್ದಕ್ಕೆ ಅವನ್ನು ಸಾಲಾಗಿ ನಿಲ್ಲಿಸಿದರೆ ಹದಿನೈದು ಸಾವಿರವಾದರೂ ಬೇಕು. ಗಾತ್ರವೇ ಮೇಲ್ಮೆಯಾದರೆ ತಿಮಿಂಗಿಲದ ಎದುರು ನಾವು ಯಾವ ಅಂಕಣಕ್ಕೆ ಸೇರುತ್ತೇವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಆನುವಂಶಿಕ ಬರಹ. ಬ್ಯಾಕ್ಟೀರಿಯಾದ ಬರಹವನ್ನು 2005ರಲ್ಲಿ ಪೂರ್ತಿಯಾಗಿ ಓದಿ ಪ್ರಕಟಿಸಿದರು. ಸುಮಾರು ನಲವತ್ತಮೂರು ಲಕ್ಷ ಅಕ್ಷರಗಳು, ಮೂರೂಮುಕ್ಕಾಲು ಸಾವಿರ ಜೀನುಗಳು. ಸ್ಕ್ವಿಡ್ಡಿನ ಬರಹ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 510 ಕೋಟಿ ಅಕ್ಷರಗಳು. ಮನುಷ್ಯನದು ಸುಮಾರು 310 ಕೋಟಿ. ಗ್ರಂಥದ ದಪ್ಪ ನೋಡಿ ಪಾಂಡಿತ್ಯ ಅಳೆಯುವವರು ಈ ಗೆಣ್ಣುಗಾತ್ರದ ಪ್ರಾಣಿಗೆ ಎದ್ದುನಿಂತು ಕುರ್ಚಿ ಬಿಟ್ಟುಕೊಡಬೇಕಾಗುತ್ತದೆ. ಹಾಗೆ ಬಿಟ್ಟುಕೊಡುವವರು ಯಾರೂ ಕಾಣೆ. ಅಳತೆಗೋಲು ನಮ್ಮನ್ನು ಮೇಲಿಡುವವರೆಗೆ ಮಾತ್ರ ನಮಗೆ ಅದು ಬೇಕು.

ಮೂರನೆಯದು ಬೆಳಕು. ಗೆರೆ ಮುರಿದದ್ದು ಇಲ್ಲಿಯೇ.

ಈ ಸ್ಕ್ವಿಡ್ ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ರಾತ್ರಿ ಸಿಗಡಿಯ ಬೇಟೆಗೆ ಹೊರಡುತ್ತದೆ. ಮೇಲೆ ಚಂದ್ರನೋ ನಕ್ಷತ್ರಗಳೋ ಇವೆ. ಕೆಳಗಿನಿಂದ ತಲೆಯೆತ್ತಿ ನೋಡುವ ಮೀನಿಗೆ, ಬೆಳಗುವ ನೀರಿನ ಹಿನ್ನೆಲೆಯಲ್ಲಿ ಇದರ ಕಪ್ಪು ಆಕೃತಿ ಎದ್ದು ಕಾಣಬೇಕು, ಕಂಡರೆ ಮುಗಿಯಿತು. ಆದರೆ ಸ್ಕ್ವಿಡ್ಡಿನ ಹೊಟ್ಟೆಯ ಕಡೆ ಒಂದು ಬೆಳಕಿನ ಅಂಗವಿದೆ. ಅದರ ಹಿಂದೆ ಕನ್ನಡಿಯಂಥ ಪದರ, ಕೆಳಗೆ ಮಸೂರ, ಸುತ್ತ ಮಸಿಚೀಲದ ಪರದೆ. ಮೇಲಿನಿಂದ ಎಷ್ಟು ಬೆಳಕು ಬೀಳುತ್ತದೆಯೋ ಅದಕ್ಕೆ ಹೊಂದುವಷ್ಟು ಬೆಳಕನ್ನು ಕೆಳಗೆ ಚೆಲ್ಲಿ ಅದು ತನ್ನ ಆಕೃತಿಯನ್ನು ಅಳಿಸಿಕೊಳ್ಳುತ್ತದೆ. ಹೆಚ್ಚಾದರೆ ಪರದೆ ಎಳೆದು ತಗ್ಗಿಸುತ್ತದೆ. ಇಷ್ಟೆಲ್ಲ ಸಲಕರಣೆ ಇದ್ದರೂ ಆ ಪ್ರಾಣಿಗೆ ಸ್ವಂತ ದೀಪವಿಲ್ಲ. ಅಂಗದೊಳಗಿನ ಸಂದುಗಳಲ್ಲಿ ಕಿಕ್ಕಿರಿದಿರುವ ವಿಬ್ರಿಯೊ ಫಿಷರಿಗಳೇ ದೀಪ.

ಈಗ ಹೇಳಿ: ‘ಬೆಳಕು ಬೀರುತ್ತದೆ’ ಎಂಬುದನ್ನು ಯಾವ ಅಂಕಣದಲ್ಲಿ ಬರೆಯೋಣ? ಕನ್ನಡಿ, ಮಸೂರ, ಪರದೆ ಬಲಗಡೆಯವು. ಉರಿಯುವ ಬತ್ತಿ ಎಡಗಡೆಯದು. ಹುಡುಗಿ ಗೆರೆಯ ಮೇಲೆ ಬರೆದದ್ದು ತಪ್ಪೆಂದು ನನಗಂತೂ ತೋರಲಿಲ್ಲ.

ಸ್ಕ್ವಿಡ್ ಈ ದೀಪವನ್ನು ಹುಟ್ಟುವಾಗ ತರುವುದಿಲ್ಲ. ತಾಯಿಯಿಂದ ಬಂದ ಬಳುವಳಿಯೂ ಇದಲ್ಲ. ಮೊಟ್ಟೆಯಿಂದ ಹೊರಬಂದ ಮರಿಯ ಅಂಗ ಬರಿದು. ಸುತ್ತಲಿನ ಕಡಲ ನೀರಿನ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾಗಳಿದ್ದರೆ, ಬೇಕಾದ ಜಾತಿಯದು ಸಾವಿರಕ್ಕೆ ಒಂದೂ ಇರುವುದಿಲ್ಲ. ಮರಿಯ ಅಂಗದ ಎರಡು ಪಕ್ಕದಲ್ಲೂ ಸಣ್ಣ ತೋಳುಗಳಂಥ ಚಾಚುಗಳಿವೆ. ಅವುಗಳ ಮೇಲೆ ಅಲುಗಾಡುವ ಸೂಕ್ಷ್ಮ ರೋಮಗಳು. ಅವು ನೀರನ್ನು ಬಳಿಗೆ ಎಳೆಯುತ್ತವೆ. ಮರಿ ಲೋಳೆ ಸುರಿಸುತ್ತದೆ. ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ಗುಂಪುಗೂಡುತ್ತವೆ. ಅಲ್ಲಿಂದ ಕಿರಿದಾದ ರಂಧ್ರಗಳ ಮೂಲಕ ಒಳಕ್ಕೆ ಹೋಗಿ ನೆಲೆಯೂರುವುದು ವಿಬ್ರಿಯೊ ಫಿಷರಿ ಮಾತ್ರ. ಒಳಗೆ ಸೇರುವುದು ಬೆರಳೆಣಿಕೆಯಷ್ಟಾದರೂ ಸಾಕು. ಒಂದು ದಿನ ಕಳೆಯುವುದರೊಳಗೆ ಅವು ಲಕ್ಷಗಟ್ಟಲೆ ಆಗುತ್ತವೆ.

ಮುಂದಿನದು ನನಗೆ ಬಹಳ ಹಿಡಿಸಿದ ಸಂಗತಿ. ಬ್ಯಾಕ್ಟೀರಿಯಾ ಒಳಗೆ ನೆಲೆಸಿದ ಮೇಲೆ, ಅದನ್ನು ಬರಮಾಡಿಕೊಂಡ ಆ ತೋಳುಗಳು ನಾಲ್ಕೈದು ದಿನಗಳಲ್ಲಿ ಕರಗಿಹೋಗುತ್ತವೆ. ಬ್ಯಾಕ್ಟೀರಿಯಾ ಸೇರದಿದ್ದರೆ ಕರಗುವುದಿಲ್ಲ. ಅಂದರೆ, ನಾವು ಬಲಗಡೆ ಕೂರಿಸಿದ ಪ್ರಾಣಿಯ ಮೈಯನ್ನು ತಿದ್ದಿ ಬೆಳೆಸುತ್ತಿರುವುದು ಎಡಗಡೆಯದು. ಮಾರ್ಗರೆಟ್ ಮೆಕ್‌ಫಾಲ್-ನೈ ಮತ್ತು ಎಡ್ವರ್ಡ್ ರೂಬಿ ಎಂಬ ವಿಜ್ಞಾನಿಗಳು 1991ರಲ್ಲಿ ಇದನ್ನು ಪ್ರಕಟಿಸಿದರು. ಯಾವ ವಸ್ತುವಿನಿಂದ ಹೀಗಾಗುತ್ತದೆ ಎಂಬುದು ಗೊತ್ತಾದದ್ದು 2004ರಲ್ಲಿ. ಬ್ಯಾಕ್ಟೀರಿಯಾದ ಕೋಶಭಿತ್ತಿಯಿಂದ ಉದುರುವ ಒಂದು ಚೂರು, ಅದೇ ಕೋಶದ ಹೊರಪದರದ ಇನ್ನೊಂದು ವಸ್ತುವಿನ ಜೊತೆ ಸೇರಿ ಮರಿಗೆ ಸುದ್ದಿ ಮುಟ್ಟಿಸುತ್ತದೆ. ಆ ಚೂರು ವೈದ್ಯರಿಗೆ ಹೊಸದಲ್ಲ. ಮಕ್ಕಳಿಗೆ ಬರುವ ನಾಯಿಕೆಮ್ಮಿನಲ್ಲಿ ಶ್ವಾಸನಾಳದ ರೋಮವುಳ್ಳ ಕೋಶಗಳನ್ನು ಹಾಳುಮಾಡುವ ವಸ್ತು ಅದೇ. ವೈದ್ಯಗ್ರಂಥಗಳಲ್ಲಿ ಅದರ ಹೆಸರಿನಲ್ಲಿಯೇ ವಿಷ ಎಂಬ ಮಾತು ಸೇರಿದೆ. ಮಗುವಿನ ಗಂಟಲಲ್ಲಿ ವಿಷ. ಸ್ಕ್ವಿಡ್ ಮರಿಯ ಹೊಟ್ಟೆಯಲ್ಲಿ, ಕಟ್ಟಡ ಮುಗಿಯಿತು ಸಾರುವೆ ಬಿಚ್ಚಿರಿ ಎನ್ನುವ ಮೇಸ್ತ್ರಿಯ ಮಾತು. ವಸ್ತು ಒಂದೇ. ಅದರ ಗುಣವನ್ನು ತೀರ್ಮಾನಿಸಿದ್ದು ಅದು ಎಲ್ಲಿದೆ, ಯಾರ ಜೊತೆ ಇದೆ ಎಂಬುದು.

‘ಬ್ಯಾಕ್ಟೀರಿಯಾಕ್ಕೆ ಮಿದುಳಿಲ್ಲ, ಕಣ್ಣಿಲ್ಲ, ಸ್ಕ್ವಿಡ್ಡಿಗೆ ಎರಡೂ ಇವೆ’ ಎಂಬುದು ನಾಲ್ಕನೆಯ ವ್ಯತ್ಯಾಸ. ಒಪ್ಪಿದೆ. ಆದರೆ ಮಿದುಳಿಲ್ಲದವರು ಏನು ಮಾಡುತ್ತಾರೆಂಬುದನ್ನೂ ನೋಡಬೇಕಷ್ಟೆ. ಒಂಟಿ ವಿಬ್ರಿಯೊ ವಿಶಾಲವಾದ ಕಡಲಲ್ಲಿ ತೇಲುವಾಗ ದೀಪ ಹಚ್ಚುವುದಿಲ್ಲ. ಹಚ್ಚಿ ಪ್ರಯೋಜನವೇನು? ಪ್ರತಿಯೊಂದೂ ಒಂದು ಬಗೆಯ ಸಣ್ಣ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಕಡಲಲ್ಲಿ ಅದು ಕೊಚ್ಚಿಹೋಗುತ್ತದೆ. ಸ್ಕ್ವಿಡ್ಡಿನ ಇಕ್ಕಟ್ಟಿನೊಳಗೆ ಶೇಖರವಾಗುತ್ತದೆ. ಶೇಖರಣೆ ಒಂದು ಮಟ್ಟ ಮುಟ್ಟಿದಾಗ ‘ನಾವು ಸಾಕಷ್ಟು ಮಂದಿ ಇದ್ದೇವೆ’ ಎಂಬುದು ತಿಳಿದಂತಾಗಿ ಎಲ್ಲವೂ ಒಟ್ಟಿಗೆ ದೀಪ ಹಚ್ಚುತ್ತವೆ. ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ಮೂವರು 1970ರಲ್ಲಿ ಇದೇ ಬ್ಯಾಕ್ಟೀರಿಯಾದಲ್ಲಿ ಈ ಏರ್ಪಾಡಿನ ಸುಳಿವನ್ನು ಪ್ರಕಟಿಸಿದರು. 1994ರಲ್ಲಿ ಇದಕ್ಕೆ ಒಂದು ಹೆಸರೂ ಬಂತು. ಕೋರಂ ಗುರುತಿಸುವಿಕೆ ಎಂದು ಅದರ ಅರ್ಥ. ಕೋರಂ ಎಂದರೇನೆಂದು ನಮ್ಮ ಸಂಘಸಂಸ್ಥೆಗಳ ವಾರ್ಷಿಕ ಸಭೆಗೆ ಹೋಗುವವರಿಗೆ ನಾನು ಹೇಳಬೇಕಾಗಿಲ್ಲ. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಆಮೇಲೆ ಅದೇ ಏಳು ಮಂದಿ ಅದೇ ಕುರ್ಚಿಗಳಲ್ಲಿ ಕುಳಿತು ಸಕಲ ಠರಾವುಗಳನ್ನೂ ಸರ್ವಾನುಮತದಿಂದ ಅಂಗೀಕರಿಸುವುದು ನಮ್ಮ ಪದ್ಧತಿ. ಈ ವಿಷಯದಲ್ಲಿ ಬ್ಯಾಕ್ಟೀರಿಯಾಗಳು ನಮಗಿಂತ ನಿಯಮನಿಷ್ಠರು.

ಇಲ್ಲಿಯವರೆಗೆ ಓದಿ ತಲೆದೂಗುವವರಲ್ಲಿ ಇನ್ನೊಂದು ಪಂಗಡವಿದೆ. ಅವರ ವಿಷಯದಲ್ಲೂ ನಾಲ್ಕು ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಇಂಥವರೊಬ್ಬರ ಭಾಷಣವನ್ನು ನಾನು ಈಚೆಗೆ ಕೇಳಿದೆ. ಪ್ರಕೃತಿಯಲ್ಲಿ ಎಲ್ಲೆಲ್ಲೂ ಪ್ರೇಮವೇ ತುಂಬಿದೆ, ಪುಟ್ಟ ಜೀವಿಯೊಂದು ತನ್ನ ಬೆಳಕನ್ನು ದೊಡ್ಡ ಜೀವಿಗೆ ದಾನಮಾಡಿ ಧನ್ಯವಾಗುತ್ತದೆ, ನಾವೂ ಹಾಗೆ ಬಾಳೋಣ ಎಂದು ಅವರು ಕೈಮುಗಿದರು. ಸಭೆ ಚಪ್ಪಾಳೆ ತಟ್ಟಿತು. ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋಗಿ ನೋಡಿದರೆ ಕಾಣುವುದು ಬೇರೆ. ಪ್ರತಿದಿನ ಬೆಳಗಾಗುತ್ತಲೇ ಈ ಸ್ಕ್ವಿಡ್ ತನ್ನೊಳಗಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ಹೊರಗೆ ಉಗುಳಿಬಿಡುತ್ತದೆ. ಉಳಿದ ಐದು ಪಾಲು ಹಗಲಲ್ಲಿ ಮತ್ತೆ ಬೆಳೆದು ರಾತ್ರಿಯ ಪಾಳಿಗೆ ಸಿದ್ಧವಾಗುತ್ತದೆ. ದೀಪ ಹಚ್ಚುವ ಶಕ್ತಿ ಇಲ್ಲದಂತೆ ಮಾಡಿದ ಬ್ಯಾಕ್ಟೀರಿಯಾಗಳನ್ನು ಮರಿಗೆ ಕೊಟ್ಟು ನೋಡಿದ್ದಾರೆ. ಅವು ಒಳಗೆ ಬಂದರೂ ಹೆಚ್ಚು ದಿನ ನೆಲೆ ನಿಲ್ಲುವುದಿಲ್ಲ. ಕೆಲಸವಿಲ್ಲದವನಿಗೆ ಕೂಳಿಲ್ಲ. ಇತ್ತ ಬ್ಯಾಕ್ಟೀರಿಯಾವೂ ತ್ಯಾಗಿಯಲ್ಲ. ಅದಕ್ಕೆ ಒಳಗೆ ಊಟ ಸಿಗುತ್ತದೆ, ಪೈಪೋಟಿಯಿಲ್ಲದೆ ವಂಶ ಬೆಳೆಯುತ್ತದೆ. ಬೆಳಿಗ್ಗೆ ಹೊರಬಿದ್ದವು ಕಡಲು ಸೇರಿ, ಮುಂದೆ ಹುಟ್ಟುವ ಮರಿಗಳಿಗೆ ದೊರಕುತ್ತವೆ. ಸ್ಕ್ವಿಡ್ ಇಲ್ಲದೆ ಬ್ಯಾಕ್ಟೀರಿಯಾ ಬದುಕಬಲ್ಲದು. ಪ್ರಯೋಗಶಾಲೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಇಲ್ಲದ ಸ್ಕ್ವಿಡ್ಡನ್ನು ಸಾಕಲೂಬಹುದು. ಹಸಿದ ಮೀನುಗಳ ಕಡಲಲ್ಲಿ ಅದರ ಗತಿ ಬೇರೆ. ಇದು ಪ್ರೇಮವೂ ಅಲ್ಲ, ಜೀತವೂ ಅಲ್ಲ. ದಿನದಿನವೂ ಹೊಸದಾಗುವ ಕರಾರು ಎನ್ನಬಹುದು; ಆ ಮಾತು ಕೂಡ ನಮ್ಮ ಕಚೇರಿಗಳಿಂದ ತಂದ ಸಾಲ.

ಇದೇ ಪಂಗಡದ ಇನ್ನು ಕೆಲವರು ಏಣಿಯನ್ನು ತಲೆಕೆಳಗು ಮಾಡುತ್ತಾರೆ. ‘ನಮ್ಮ ಮೈಯಲ್ಲಿ ನಮ್ಮ ಕೋಶಗಳಿಗಿಂತ ಹತ್ತುಪಟ್ಟು ಬ್ಯಾಕ್ಟೀರಿಯಾಗಳಿವೆ, ನಿಜವಾದ ಒಡೆಯರು ಅವರೇ’ ಎಂದು ಸಾರುತ್ತಾರೆ. ಆ ಹತ್ತುಪಟ್ಟು ಎಂಬ ಲೆಕ್ಕ ಸರಿಯಲ್ಲವೆಂದು 2016ರಲ್ಲಿ ತೋರಿಸಿದ್ದಾಯಿತು. ಸುಮಾರು ಮೂವತ್ತು ಲಕ್ಷ ಕೋಟಿ ನಮ್ಮ ಕೋಶಗಳಿಗೆ ಸುಮಾರು ಮೂವತ್ತೆಂಟು ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು, ಹೆಚ್ಚುಕಡಿಮೆ ಸರಿಸಮ. ಏಣಿಯನ್ನು ತಿರುಗಿಸಿ ಇಟ್ಟರೂ ಅದು ಏಣಿಯೇ.

‘ಹಾಗಾದರೆ ಕಾಲರಾ ಕ್ರಿಮಿಯನ್ನೂ ಪೂಜಿಸೋಣವೇ?’ ಎಂದು ಕೆಲವರು ಹುಬ್ಬೇರಿಸಬಹುದು. ಪ್ರಶ್ನೆ ಸಮಂಜಸವಾಗಿದೆ, ಏಕೆಂದರೆ ಕಾಲರಾ ತರುವ ವಿಬ್ರಿಯೊ ಕಾಲರೇ ನಮ್ಮ ದೀಪಧಾರಿಯ ನೆಂಟ. ದೀಪಧಾರಿಯನ್ನು ಬೇರೆ ಮನೆ ಮಾಡಿಸಿ ಅಲಿವಿಬ್ರಿಯೊ ಎಂಬ ಹೊಸ ಹೆಸರಿನಡಿ ಸೇರಿಸಿದ್ದು 2007ರಲ್ಲಿ; ಅಲ್ಲಿಯವರೆಗೆ ಎರಡೂ ಒಂದೇ ಕುಲದವು. ಊರೂರುಗಳನ್ನೇ ಬರಿದುಮಾಡಿದ ರೋಗ ಅದು. ಅದನ್ನು ತಡೆಯಲೇಬೇಕು, ನೀರು ಕುದಿಸಲೇಬೇಕು. ಆದರೆ ಅದನ್ನು ನಾವು ಅರಿತದ್ದು ಹೇಗೆ? 1959ರಲ್ಲಿ ಕಲ್ಕತ್ತೆಯ ಶಂಭುನಾಥ ದೇ ಅವರು ಬ್ಯಾಕ್ಟೀರಿಯಾ ಬೆಳೆಸಿದ ದ್ರವದಿಂದ ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದು, ಉಳಿದ ದ್ರವವನ್ನು ಮೊಲದ ಕರುಳಿನಲ್ಲಿಟ್ಟು ನೋಡಿದರು. ಕ್ರಿಮಿ ಒಂದೂ ಇಲ್ಲದಿದ್ದರೂ ಕರುಳಿನಲ್ಲಿ ನೀರು ತುಂಬಿಕೊಂಡಿತು. ಕರುಳಿನಿಂದ ನೀರು ಹರಿಸುವುದು ಕ್ರಿಮಿ ಹೊರಬಿಡುವ ಒಂದು ವಸ್ತು ಎಂಬುದು ಹಾಗೆ ಸ್ಥಿರಪಟ್ಟಿತು. ದೇ ಅವರು ‘ಇದು ಎಷ್ಟು ಕೀಳು ಜೀವಿ?’ ಎಂದು ಕೇಳಲಿಲ್ಲ. ‘ಇದು ಏನು ಮಾಡುತ್ತದೆ, ಯಾವುದರಿಂದ ಮಾಡುತ್ತದೆ?’ ಎಂದು ಕೇಳಿದರು. ಶತ್ರುವನ್ನು ಗೆಲ್ಲುವುದಕ್ಕೂ ಬೇಕಾದದ್ದು ಈ ಪ್ರಶ್ನೆಯೇ; ಬೈಗುಳದಿಂದ ಯಾವ ರೋಗವೂ ವಾಸಿಯಾಗಿಲ್ಲ.

2021ರ ಜೂನಿನಲ್ಲಿ ಈ ಸ್ಕ್ವಿಡ್ಡಿನ 128 ಮರಿಗಳನ್ನು ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಿದರು. ತೂಕವಿಲ್ಲದ ಸ್ಥಿತಿಯಲ್ಲಿ ಪ್ರಾಣಿಗೂ ಬ್ಯಾಕ್ಟೀರಿಯಾಕ್ಕೂ ಇರುವ ಹೊಂದಾಣಿಕೆ ಏನಾಗುತ್ತದೆಂದು ತಿಳಿಯುವುದು ಉದ್ದೇಶ. ಅಲ್ಲಿಗೆ ಹೋಗುವ ಮನುಷ್ಯನೂ ಒಂಟಿಯಾಗಿ ಹೋಗುವುದಿಲ್ಲ. ಕರುಳಿನ ತುಂಬ ಎಡಗಡೆಯ ಅಂಕಣವನ್ನು ಹೊತ್ತುಕೊಂಡೇ ಹೋಗುತ್ತಾನೆ. ಅಂಥವನ ಆರೋಗ್ಯ ಅರಿಯಲು ಗೆರೆ ಎಳೆದ ಹಾಳೆ ಸಾಲದು.

ಹಾಗಾದರೆ ಎಲ್ಲ ಜೀವಿಗಳೂ ಒಂದೇ, ವ್ಯತ್ಯಾಸವೇ ಇಲ್ಲ ಎನ್ನುತ್ತೀರಾ ಎಂದರೆ, ಖಂಡಿತ ಇಲ್ಲ. ವ್ಯತ್ಯಾಸ ಬೇಕಾದಷ್ಟಿದೆ, ಈವರೆಗೆ ಬರೆದದ್ದೆಲ್ಲ ಅದೇ. ಒಂದು ಏಕಕೋಶಿ, ಇನ್ನೊಂದು ಬಹುಕೋಶಿ. ಒಂದರ ರಚನೆ ಸರಳ, ಇನ್ನೊಂದರದು ಸಂಕೀರ್ಣ. ಇವು ಎಣಿಸಿ ತೋರಿಸಬಹುದಾದ ಮಾತುಗಳು. ‘ಕೀಳು’ ಎಂಬುದನ್ನು ಯಾವ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದರು? ಡಾರ್ವಿನ್ನನೇ ತಾನು ಓದುತ್ತಿದ್ದ ಪುಸ್ತಕವೊಂದರ ಅಂಚಿನಲ್ಲಿ, ಮೇಲು ಕೀಳು ಎಂಬ ಮಾತುಗಳನ್ನು ಬಳಸಕೂಡದೆಂದು ತನಗೆ ತಾನೇ ಎಚ್ಚರಿಕೆ ಬರೆದುಕೊಂಡಿದ್ದ. ತನ್ನ ಗ್ರಂಥದಲ್ಲಿ ಅವನೂ ಆ ನಿಯಮವನ್ನು ಪೂರ್ತಿಯಾಗಿ ಪಾಲಿಸಲಿಲ್ಲ ಎಂಬುದು ಬೇರೆ ಮಾತು. ಅಂಥವನಿಗೇ ಬಿಡದ ಚಟ ನಮ್ಮ ಪಾಠಗಳನ್ನು ಬಿಟ್ಟೀತೆ?

ಆದರೆ ನಮ್ಮಲ್ಲಿ ಆ ಚಟಕ್ಕೆ ಬೇರೆ ಬೆಲೆ ತೆರಬೇಕಾಗುತ್ತದೆ. ‘ಕೀಳು’ ಎಂಬ ಮಾತು ಜೀವಶಾಸ್ತ್ರದ ತರಗತಿಗೆ ಬರುವ ಮುನ್ನ ಈ ನಾಡಿನಲ್ಲಿ ಬಹಳ ಕಾಲ ಬೇರೆಡೆ ದುಡಿದಿದೆ: ಬಾವಿಕಟ್ಟೆಯ ಬಳಿ, ಗುಡಿಯ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಮಾತು ಮಾತ್ರ ನಿವೃತ್ತಿ ಹೊಂದಲಿಲ್ಲ. ಮನುಷ್ಯರನ್ನು ಬ್ಯಾಕ್ಟೀರಿಯಾಗಳಿಗೆ ಹೋಲಿಸುವ ಅವಿವೇಕ ನನಗಿಲ್ಲ. ನಾನು ಹೇಳುವುದು ಇಷ್ಟೆ: ಹದಿನಾಲ್ಕು ವರ್ಷದ ಮಗುವಿಗೆ, ಹುಟ್ಟಿನಿಂದಲೇ ಕೆಲವು ಮೇಲು ಕೆಲವು ಕೀಳು, ಇದು ವಿಜ್ಞಾನ ಎಂದು ಹೇಳಿಕೊಟ್ಟರೆ, ಮನೆಯ ಹಿರಿಯರ ಬಾಯಲ್ಲಿ ಅದೇ ಮಾತನ್ನು ಮನುಷ್ಯರ ವಿಷಯವಾಗಿ ಕೇಳಿದಾಗ ಅದಕ್ಕೆ ಅಸಹಜವೆನ್ನಿಸುವುದಿಲ್ಲ. ಗೆರೆಯ ಪರಿಚಯ ಅದಕ್ಕೆ ಆಗಲೇ ಆಗಿರುತ್ತದೆ. ‘ದಾಟಬಾರದು’ ಎಂಬ ಷರಾದ ಪರಿಚಯವೂ.

ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ‘ಕೀಳು ಜೀವಿ’, ‘ಮೇಲು ಜೀವಿ’ ಎಂಬೆರಡು ಮಾತುಗಳನ್ನು ತೆಗೆದುಹಾಕಿ ‘ಏಕಕೋಶಿ’, ‘ಬಹುಕೋಶಿ’ ಎಂದು ಹಾಕಿ, ಖರ್ಚಿಲ್ಲ. ‘ಐದು ವ್ಯತ್ಯಾಸ ಬರೆಯಿರಿ’ ಎಂಬುದರ ಕೆಳಗೆ ‘ಇವೆರಡರ ನಡುವಣ ಒಂದು ಸಂಬಂಧವನ್ನು ವಿವರಿಸಿರಿ’ ಎಂದು ಇನ್ನೊಂದು ಸಾಲು ಸೇರಿಸಿ. ಆಗ ಗೆರೆಯ ಮೇಲೆ ಬರೆಯಲು ಮಕ್ಕಳಿಗೆ ಅಧಿಕೃತವಾಗಿಯೇ ಜಾಗ ಸಿಗುತ್ತದೆ. ವಾಚಕರಲ್ಲಿಯೂ ಒಂದು ವಿನಂತಿ. ಇಂದು ಭಾನುವಾರ, ಮನೆಯ ಮಕ್ಕಳ ವಿಜ್ಞಾನದ ನೋಟ್ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಎಲ್ಲಿ ಗೆರೆ ಇದೆ, ಅದರ ಎರಡು ಕಡೆ ಯಾವ ತಲೆಬರಹಗಳಿವೆ ಎಂದು ಕೇಳಿ.

ನನ್ನ ಮೊಮ್ಮಗಳಿಗೆ ಹೋದ ಮೂರು ಅಂಕದ ಚಿಂತೆ ಹೆಚ್ಚಾಗಿಲ್ಲ. ಮೊನ್ನೆ ಬಂದು, “ತಾತ, ಬೆಳಿಗ್ಗೆ ಆಚೆ ಹಾಕಿಸ್ಕೊಂಡ ಬ್ಯಾಕ್ಟೀರಿಯಾ ಸಾಯಂಕಾಲ ಮತ್ತೆ ಅದೇ ಸ್ಕ್ವಿಡ್ ಹತ್ರಾನೇ ಬರತ್ತಾ, ಬೇರೆ ಮನೆ ನೋಡ್ಕೊಳತ್ತಾ?” ಎಂದು ಕೇಳಿದಳು. ಯಾವ ಅಂಕಣಕ್ಕೂ ಸೇರದ ಪ್ರಶ್ನೆ. ಉತ್ತರ ಹುಡುಕುತ್ತಿದ್ದೇವೆ.